ಉಚಿತವಾಗಿ ಕೊಟ್ಟವನ ಹೆಸರು

ದಾನವನ್ನು ಕುರಿತು ನಮ್ಮ ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ವಿಚಾರ ಮಾಡಿವೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷ ಬರುತ್ತದೆ ಎಂಬುದು ಪ್ರಸಿದ್ಧವಾದ ಮಾತು. ಆದರೆ ಪಾತ್ರನ ಯೋಗ್ಯತೆಯ ವಿಚಾರವೆಲ್ಲ ಬಹುಮಟ್ಟಿಗೆ ದಾನಕ್ಕೆ ಮುಂಚಿನದು. ಕೈಗೆ ಬಂದ ಮೇಲೆ ಪಡೆದವನು ಹೇಗೆ ನಡೆದುಕೊಳ್ಳಬೇಕು, ಕೊಟ್ಟವನ ವಿಷಯದಲ್ಲಿ ಅವನಿಗೆ ಉಳಿಯುವ ಹೊಣೆ ಯಾವುದು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಗಣಕಯಂತ್ರದ ಯುಗ ಈ ಪ್ರಶ್ನೆಯನ್ನು ಹೊಸ ರೂಪದಲ್ಲಿ ಮುಂದಿಟ್ಟಿದೆ. ಅನ್ಯರು ಬರೆದು ಉಚಿತವಾಗಿ ಬಿಟ್ಟ ಸಂಕೇತಲೇಖವನ್ನು, ಎಂದರೆ ಕೋಡನ್ನು, ತನ್ನ ಜಾಲತಾಣಕ್ಕೆ ಬಳಸಿಕೊಂಡವನು ಮೂಲಕರ್ತೃವಿನ ಹೆಸರನ್ನು ಉಳಿಸಬೇಕೆ? ಉಳಿಸದಿದ್ದರೆ ಅದು ಕೇವಲ ಅನಾದರವೆ, ಅಥವಾ ದೋಷವೆ?

ಇಂದು ಒಂದು ಸಂಘದ, ಶಾಲೆಯ ಅಥವಾ ಬಸದಿಯ ಜಾಲತಾಣವನ್ನು ಸಿದ್ಧಪಡಿಸುವವನು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಪುಟದ ವಿನ್ಯಾಸ ಒಬ್ಬರದು, ಚಿತ್ರಗಳನ್ನು ಸರಿಸುವ ಸಂಕೇತಲೇಖ ಮತ್ತೊಬ್ಬರದು, ಅಕ್ಷರವಿನ್ಯಾಸ ಇನ್ನೊಬ್ಬರದು. ಇವುಗಳಲ್ಲಿ ಹೆಚ್ಚಿನವು ಹಣವಿಲ್ಲದೆ ದೊರೆಯುತ್ತವೆ. ಬರೆದವರು ಅವನ್ನು ಒಂದು ಅನುಮತಿ ಪತ್ರದೊಡನೆ ಬಿಟ್ಟಿರುತ್ತಾರೆ. ಇಂಥ ಪತ್ರಗಳಲ್ಲಿ ಬಹಳ ಬಳಕೆಯಲ್ಲಿರುವುದು ಎಂಐಟಿ ಪರವಾನಗಿ. ಅದು ಕೆಲವೇ ವಾಕ್ಯಗಳ ಚಿಕ್ಕ ಬರಹ. ಬಳಸಬಹುದು, ಬದಲಿಸಬಹುದು, ಹಂಚಬಹುದು, ಮಾರಲೂಬಹುದು ಎಂದು ಅದು ಧಾರಾಳವಾಗಿ ಹೇಳುತ್ತದೆ. ಅದು ವಿಧಿಸುವ ಕಟ್ಟು ಒಂದೇ: ಹಕ್ಕಿನ ಸೂಚನೆಯೂ ಈ ಅನುಮತಿಯ ಬರಹವೂ ಎಲ್ಲ ಪ್ರತಿಗಳಲ್ಲಿ ಉಳಿದಿರಬೇಕು. ಕೊನೆಗೆ, ಇದರಲ್ಲಿ ದೋಷವಿದ್ದರೆ ಬರೆದವನು ಹೊಣೆಯಲ್ಲ ಎಂದು ಕೈಮುಗಿಯುತ್ತದೆ.

ಹಳೆಯ ಓಲೆಗರಿಯ ಕಟ್ಟುಗಳನ್ನು ಬಲ್ಲವರಿಗೆ ಈ ಬರಹದ ಆಕಾರ ಅಪರಿಚಿತವೆನಿಸದು. ಗ್ರಂಥದ ಕೊನೆಯಲ್ಲಿ ಲಿಪಿಕಾರನು ಕೃತಿಯ ಹೆಸರು, ಕರ್ತೃವಿನ ಹೆಸರು, ಸಂವತ್ಸರ, ಮಾಸ, ತಿಥಿ, ಬರೆಸಿದವರ ಹೆಸರು, ಬರೆದ ತನ್ನ ಹೆಸರು ಇವನ್ನು ಹೇಳಿ, ಅಕ್ಷರ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ವಾಡಿಕೆ. ಹೆಸರು, ಕಾಲ, ದೋಷದ ಬಗೆಗೆ ಅರಿಕೆ ಇವು ಎರಡಕ್ಕೂ ಸಾಮಾನ್ಯ. ಲಿಪಿಕಾರನು ತನ್ನ ಹೆಸರನ್ನು ಕವಿಯ ಹೆಸರಿನ ಕೆಳಗೆ ಬರೆದನೇ ಹೊರತು ಅದರ ಮೇಲೆ ಬರೆಯಲಿಲ್ಲ. ಈ ಮರ್ಯಾದೆಯನ್ನು ಅವನಿಗೆ ಯಾವ ಶಾಸನವೂ ಕಲಿಸಬೇಕಾಗಿರಲಿಲ್ಲ.

ಜಾಲತಾಣಗಳಲ್ಲಿ ಕಾಣುವ ರೂಢಿ ಇದಕ್ಕೆ ವಿರುದ್ಧವಾದದ್ದು. ಪುಟದ ಅಡಿಯಲ್ಲಿದ್ದ ವಿನ್ಯಾಸಕಾರನ ಹೆಸರನ್ನು ಅಳಿಸಿ, ಆ ಜಾಗದಲ್ಲಿ ಸಿದ್ಧಪಡಿಸಿಕೊಟ್ಟ ಅಂಗಡಿಯ ಹೆಸರನ್ನು ಸೇರಿಸುವುದು ಸರ್ವಸಾಮಾನ್ಯವಾಗಿದೆ. ಸಂಕೇತಲೇಖದ ತಲೆಯ ಮೇಲೆ ಟಿಪ್ಪಣಿಯ ರೂಪದಲ್ಲಿರುವ ಕರ್ತೃನಾಮವು, ಕಡತವನ್ನು ಕಿರಿದುಗೊಳಿಸುವಾಗ ಕಳೆದುಹೋಗುತ್ತದೆ. ಇದು ಯಂತ್ರದ ತಪ್ಪೆಂದು ಹೇಳುವಂತಿಲ್ಲ. ಟಿಪ್ಪಣಿಯ ಆರಂಭದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟರೆ ಅದನ್ನು ಅಳಿಸದೆ ಉಳಿಸುವ ಪದ್ಧತಿ ಅಂಥ ಅನೇಕ ಸಾಧನಗಳಲ್ಲಿದೆ. ಆದುದರಿಂದ ಹೆಸರು ಅಳಿಯುವುದು ತಾಂತ್ರಿಕ ಅನಿವಾರ್ಯವಲ್ಲ. ಇದನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮೂರು ವಾದಗಳನ್ನು ಮುಂದಿಡುತ್ತಾರೆ. ಉಚಿತವಾಗಿ ಕೊಟ್ಟದ್ದಕ್ಕೆ ಒಡೆತನವಿಲ್ಲ ಎಂಬುದು ಮೊದಲನೆಯದು. ನಿಜವಾದ ದಾನಿ ಹೆಸರನ್ನು ಬಯಸುವುದಿಲ್ಲ ಎಂಬುದು ಎರಡನೆಯದು. ಒಂದರ ಮೇಲೊಂದು ಆಧರಿಸಿದ ಈ ಸರಪಳಿಯಲ್ಲಿ ಎಷ್ಟು ಜನರನ್ನು ಹೆಸರಿಸುವುದು ಸಾಧ್ಯ ಎಂಬುದು ಮೂರನೆಯದು. ಇವನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯ ವಾದ ಮೇಲುನೋಟಕ್ಕೆ ಸರಳವಾಗಿ ಕಾಣುತ್ತದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಕಳವು ಎಂಬುದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಲಕ್ಷಣ. ಕರ್ತೃವೇ ಕೊಟ್ಟಿರುವ ಸಂಕೇತಲೇಖವನ್ನು ತೆಗೆದುಕೊಂಡರೆ ಅದು ಕಳವು ಹೇಗಾದೀತು? ಆಗುವುದಿಲ್ಲ, ನಿಜ. ಆದರೆ ಕೊಟ್ಟದ್ದು ಯಾವುದು, ಕೊಡದೆ ಉಳಿಸಿಕೊಂಡದ್ದು ಯಾವುದು ಎಂದು ವಿಂಗಡಿಸಿ ನೋಡಬೇಕು. ಬಳಸುವ ಹಕ್ಕನ್ನು ಕೊಟ್ಟಿದ್ದಾನೆ. ಬದಲಿಸುವ ಹಕ್ಕನ್ನು ಕೊಟ್ಟಿದ್ದಾನೆ. ತಾನು ಬರೆದೆನೆಂಬ ಸಂಗತಿಯನ್ನು ಮಾತ್ರ ಕೊಟ್ಟಿಲ್ಲ. ಕೊಡಲು ಬರುವ ವಸ್ತುವೂ ಅದಲ್ಲ. ಹೆಸರನ್ನು ಅಳಿಸಿದವನು ಲೇಖವನ್ನು ಕದಿಯಲಿಲ್ಲ, ಆದರೆ ಕರ್ತೃತ್ವವೆಂಬ ಕೊಡದ ವಸ್ತುವನ್ನು ತೆಗೆದುಕೊಂಡನು. ಅಚೌರ್ಯವ್ರತದ ಅತಿಚಾರಗಳಲ್ಲಿ ಕದ್ದು ತಂದುದನ್ನು ಸ್ವೀಕರಿಸುವುದೂ, ಒಂದನ್ನು ಮತ್ತೊಂದರಂತೆ ತೋರಿಸಿ ವ್ಯವಹರಿಸುವ ಪ್ರತಿರೂಪಕ ವ್ಯವಹಾರವೂ ಸೇರಿವೆ. ಅನ್ಯರ ಲೇಖಕ್ಕೆ ತನ್ನ ಹೆಸರಿನ ಹೊದಿಕೆ ಹಾಕಿ ಗಿರಾಕಿಗೆ ಮಾರುವುದು ಈ ಎರಡನೆಯದಕ್ಕೆ ಹತ್ತಿರವಾದದ್ದು. ಹೆಸರು ಕಳೆದ ಪ್ರತಿಯನ್ನು ವಿಚಾರಿಸದೆ ತೆಗೆದುಕೊಳ್ಳುವ ಮುಂದಿನವನು ಮೊದಲನೆಯದರ ಅಂಚಿನಲ್ಲಿ ನಿಲ್ಲುತ್ತಾನೆ.

ಎರಡನೆಯ ವಾದ ಹೆಚ್ಚು ಸೂಕ್ಷ್ಮವಾದದ್ದು, ಹೆಚ್ಚು ಅಪಾಯಕಾರಿಯೂ ಹೌದು. ಕೀರ್ತಿಯನ್ನು ಬಯಸಿ ಕೊಟ್ಟ ದಾನ ಕಿರಿದು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ತ್ಯಾಗ ಮಾಡಬೇಕಾದವನು ದಾನಿ. ದಾನಿಯ ಪರವಾಗಿ ಅವನ ಕೀರ್ತಿಯನ್ನು ತ್ಯಜಿಸುವ ಅಧಿಕಾರ ಪಡೆದವನಿಗೆ ಬರುವುದಿಲ್ಲ. ಅತಿಥಿಯಾಗಿ ಬಂದವನು ‘ಈ ಮನೆಯವರು ನಿರ್ಮೋಹಿಗಳು’ ಎಂದು ಹೇಳುತ್ತ ಪಾತ್ರೆಗಳನ್ನು ಕೊಂಡೊಯ್ದರೆ ಅದನ್ನು ವೈರಾಗ್ಯದ ಉಪದೇಶವೆನ್ನಲಾದೀತೆ? ಹೆಸರು ಬೇಡವೆನ್ನುವ ಕರ್ತೃಗಳಿಗೆ ಅದನ್ನು ಹೇಳುವ ದಾರಿಯೂ ಇದೆ. 2001ರಲ್ಲಿ ಸ್ಥಾಪನೆಗೊಂಡ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಪರವಾನಗಿಗಳಲ್ಲಿ ಹೆಸರು ಹೇಳಬೇಕೆಂಬ ಬಗೆಯೂ ಇದೆ, ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ‘ಸಿಸಿ ಸೊನ್ನೆ’ ಎಂಬ ಬಗೆಯೂ ಇದೆ. ಎರಡೂ ಮುಂದಿರುವಾಗ ಮೊದಲನೆಯದನ್ನು ಆರಿಸಿಕೊಂಡವನ ಮನಸ್ಸು ಸ್ಪಷ್ಟವಾಗಿಯೇ ಇದೆ.

ಕನ್ನಡ ನಾಡಿನ ಇತಿಹಾಸದಲ್ಲಿ ಉಚಿತ ವಿತರಣೆಗೆ ಅತ್ತಿಮಬ್ಬೆಗಿಂತ ದೊಡ್ಡ ಹೆಸರಿಲ್ಲ. ಹತ್ತನೆಯ ಶತಮಾನದ ಈ ದಾನಚಿಂತಾಮಣಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕೃತಿಯನ್ನು ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ದ್ರವ್ಯ ಅವಳದು, ಆಶ್ರಯ ಅವಳ ಮನೆತನದ್ದು, ಪ್ರತಿ ಮಾಡಿದ ಕೈಗಳು ಲಿಪಿಕಾರರವು. ಆದರೂ ಕೃತಿ ಪೊನ್ನನದಾಗಿಯೇ ಉಳಿಯಿತು. ಅವಳ ಹೆಸರೂ ಅದರಿಂದ ಕುಗ್ಗಲಿಲ್ಲ. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನ ಅವಳ ದಾನಗುಣವನ್ನು ಬೇರೆಯಾಗಿಯೇ ಕೀರ್ತಿಸಿದನು. ಹಂಚಿದವರ ಹಿರಿಮೆ ಒಂದು, ರಚಿಸಿದವನ ಹಿರಿಮೆ ಮತ್ತೊಂದು. ಎರಡಕ್ಕೂ ಸ್ಥಳವಿದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗರು ತಿಳಿದಿದ್ದರು.

ಈ ತಿಳಿವಳಿಕೆಯನ್ನು ಇಂದಿನ ಕನ್ನಡ ಗಣಕಲೋಕ ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದಕ್ಕೆ ಕೀಲಿಮಣೆಯ ಪ್ರಸಂಗವನ್ನು ನೋಡಬಹುದು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಆಂಗ್ಲ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಧ್ವನಿಗೆ ಅನುಗುಣವಾಗಿ ಮೂಡಿಸುವ ವಿನ್ಯಾಸವನ್ನು ರೂಪಿಸಿದರು. ಒಂದು ಕೀಲಿಗೆ ಅಲ್ಪಪ್ರಾಣ, ಅದೇ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ವ್ಯಂಜನದ ನಂತರ ಸ್ವರದ ಕೀಲಿ ಒತ್ತಿದರೆ ಗುಣಿತ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ವರ್ಣಮಾಲೆಯ ಸ್ವಭಾವವನ್ನೇ ಆಧಾರವಾಗಿಟ್ಟುಕೊಂಡ ಈ ಏರ್ಪಾಡನ್ನು ಅವರು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಅಲ್ಪ ಬದಲಾವಣೆಯೊಡನೆ ಶಿಷ್ಟ ವಿನ್ಯಾಸವೆಂದು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ಮುಟ್ಟಿತು.

ಈಗ ಹೆಸರಿನ ಗತಿಯನ್ನು ಗಮನಿಸಬೇಕು. ಲಿನಕ್ಸ್ ಕಾರ್ಯವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯಲ್ಲಿ ಈ ವಿನ್ಯಾಸ ‘ಕಗಪ’ ಎಂದು ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ಕರೆಯಲ್ಪಡುತ್ತದೆ. ಅನೇಕ ಬಳಕೆದಾರರು ಅದನ್ನು ‘ನುಡಿ ಕೀಲಿಮಣೆ’ ಎನ್ನುತ್ತಾರೆ. ಪರಿಷತ್ತು ಅದನ್ನು ಶಿಷ್ಟಗೊಳಿಸಿ ಹರಡಿತು, ಆದುದರಿಂದ ಈ ಹೆಸರುಗಳು ಬಂದುದು ಸಹಜ. ಇಲ್ಲಿ ಯಾರದೋ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೆ ಅತ್ತಿಮಬ್ಬೆಯ ಪ್ರತಿಗಳಲ್ಲಿ ಆಗದ ಸಂಗತಿಯೊಂದು ಇಲ್ಲಿ ಆಗಿದೆ: ಹಂಚಿದವರ ಹೆಸರು ರಚಿಸಿದವನ ಹೆಸರನ್ನು ಮರೆಮಾಡಿದೆ. ಇದಕ್ಕೆ ಪ್ರತಿಯಾಗಿ, ವಿಕಿಪೀಡಿಯದಂಥ ಜಾಲತಾಣಗಳಲ್ಲಿ ಕನ್ನಡವನ್ನು ಮೂಡಿಸಲು ಬಳಕೆಯಾಗುವ, ಯಾರು ಬೇಕಾದರೂ ತಮ್ಮ ಪುಟಕ್ಕೆ ಸೇರಿಸಿಕೊಳ್ಳಬಹುದಾದ ಮುಕ್ತ ಸಂಕೇತಲೇಖ ಜೆಕ್ವೆರಿ ಐಎಂಇಯಲ್ಲಿ ಈ ವಿನ್ಯಾಸಕ್ಕೆ ‘ಕೆಜಿಪಿ, ನುಡಿ, ಕೆ. ಪಿ. ರಾವ್’ ಎಂಬ ಮೂರು ಹೆಸರುಗಳನ್ನೂ ಸಾಲಾಗಿ ಕೊಡಲಾಗಿದೆ. ಹರಡಿದ ಸಂಸ್ಥೆ, ಸಾಗಿಸಿದ ತಂತ್ರಾಂಶ, ರೂಪಿಸಿದ ವ್ಯಕ್ತಿ ಮೂವರೂ ಒಂದು ಸಾಲಿನಲ್ಲಿ ನಿಂತಿದ್ದಾರೆ. ಇದಕ್ಕೆ ಹಿಡಿದ ಜಾಗ ಅರ್ಧ ಅಂಗುಲವೂ ಅಲ್ಲ. ಸ್ಥಳದ ಅಭಾವದಿಂದ ಹೆಸರನ್ನು ಬಿಟ್ಟೆವೆಂಬ ನೆಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಕೀಲಿಗಳ ಜೋಡಣೆಯಂಥ ವಿಚಾರದಲ್ಲಿ ಕಾನೂನು ಬಂದು ಹೆಸರು ಹೇಳಿಸುವ ಸಂಭವ ಕಡಿಮೆ. ಕಾನೂನು ಸುಮ್ಮನಿರುವ ಇಂಥ ಕಡೆಯಲ್ಲೇ ನೀತಿಯ ಪರೀಕ್ಷೆ ನಡೆಯುತ್ತದೆ.

ಹೆಸರಿನಿಂದ ಕರ್ತೃವಿಗೆ ಬರುವ ಲಾಭ ದೊಡ್ಡದೇನಲ್ಲ. ಅದರ ದೊಡ್ಡ ಫಲ ಮುಂದೆ ಬರುವವರದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗಿಂತ ಹಿಂದಿನ ಕನ್ನಡ ಗದ್ಯಪದ್ಯಗಳ ಕರ್ತೃಗಳನ್ನು ಹೆಸರಿಸುತ್ತದೆ. ನಾಗಾರ್ಜುನ, ಜಯಬಂಧು, ದುರ್ವಿನೀತ, ಕವೀಶ್ವರ, ಲೋಕಪಾಲ ಮೊದಲಾದ ಇವರ ಕನ್ನಡ ಕೃತಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಆ ಕೃತಿಕಾರನು ತನ್ನ ಪೂರ್ವಿಕರ ಹೆಸರು ಹೇಳುವ ಸೌಜನ್ಯವನ್ನು ತೋರದಿದ್ದರೆ ಕನ್ನಡ ಸಾಹಿತ್ಯ ಅವನಿಂದಲೇ ಆರಂಭವಾಯಿತೆಂದು ನಾವು ನಂಬಿಬಿಡುತ್ತಿದ್ದೆವು. ನಾಲ್ಕು ಹೆಸರು ಹೇಳಿದ ಮಾತ್ರದಿಂದ ಒಂದು ಭಾಷೆಯ ಚರಿತ್ರೆ ಹಿಂದಕ್ಕೆ ಚಾಚಿತು.

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೂ ಇದೇ ಮಾತನ್ನು ಹೇಳುತ್ತದೆ. ಬಹುಕಾಲ ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸನ ಶಾಸನಗಳು ನಾಡಿನ ಉದ್ದಗಲಕ್ಕೂ ದೊರೆಯುತ್ತಿದ್ದವು. ಅವನು ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. 1915ರಲ್ಲಿ ಚಿನ್ನದ ನಿಕ್ಷೇಪದ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನೊಡನೆ ಹೆಸರೂ ಇತ್ತು. ಊಹೆಗೆ ಪ್ರಮಾಣ ದೊರೆಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಾದರೋ ಅರಸನ ಆಜ್ಞೆಯನ್ನು ಬರೆದ ಲಿಪಿಕಾರ ಚಪಡನ ಹೆಸರು ಸಹ ಕೊನೆಯಲ್ಲಿದೆ. ಚಕ್ರವರ್ತಿಯ ಮಾತಿನ ಕೆಳಗೆ ಕೆಲಸಗಾರನ ಹೆಸರು ನಿಂತುದರಿಂದ ಶಾಸನದ ಘನತೆಗೆ ಯಾವ ಕೊರತೆಯೂ ಆಗಲಿಲ್ಲ.

ಹೆಸರಿನ ಉಪಯೋಗ ಚರಿತ್ರೆಗಷ್ಟೇ ಸೀಮಿತವೂ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಆ ಸೀಮೆಯ ರೈತನಿಗೆ ಬೀಜದ ಚೀಲದ ಚೀಟಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ತಳಿ ತಜ್ಞರ ಬೀಜಕ್ಕೆ ಹೊಂಬಣ್ಣದ ಚೀಟಿ, ಮೂಲ ಬೀಜಕ್ಕೆ ಬಿಳಿಯದು, ಪ್ರಮಾಣಿತ ಬೀಜಕ್ಕೆ ನೀಲಿಯದು. ತಳಿಯ ಹೆಸರೂ ತಂಡದ ಸಂಖ್ಯೆಯೂ ಅದರಲ್ಲಿರುತ್ತವೆ. ಮೊಳಕೆ ಬಾರದಿದ್ದರೆ, ಬೆರಕೆ ಕಂಡರೆ, ಎಲ್ಲಿ ವಿಚಾರಿಸಬೇಕೆಂಬುದನ್ನು ಆ ಚೀಟಿ ತಿಳಿಸುತ್ತದೆ. ಚೀಟಿ ಕಿತ್ತ ಚೀಲದಲ್ಲಿ ಬೀಜ ಅದೇ ಇದ್ದರೂ ನಂಬಿಕೆ ಇರುವುದಿಲ್ಲ. ಇನ್ನೊಂದು ಸಂಗತಿಯೂ ವಿಚಾರಯೋಗ್ಯ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹೆಸರಿನ ಮುದ್ರೆ ಹಾಕಿದ ಬೀಜವಾಗಿ ಮಾರುವುದಕ್ಕೆ ಮಾತ್ರ ತಡೆಯಿದೆ. ಹಂಚಿಕೆಯಲ್ಲಿ ಔದಾರ್ಯ, ಹೆಸರಿನಲ್ಲಿ ಕಟ್ಟುನಿಟ್ಟು ಎಂಬ ನೀತಿಯೇ ಮುಕ್ತ ಸಂಕೇತಲೇಖದ ಪರವಾನಗಿಗಳಲ್ಲಿಯೂ ಇರುವುದು.

ಚೀಟಿ ಕಿತ್ತರೆ ಏನಾಗುತ್ತದೆಂಬುದಕ್ಕೆ 2021ರ ಡಿಸೆಂಬರ್ ತಿಂಗಳು ನಿದರ್ಶನ ಒದಗಿಸಿತು. ಸ್ವಯಂಸೇವಕರು ನಡೆಸಿಕೊಂಡು ಬಂದ ‘ಲಾಗ್ ಫೋರ್ ಜೆ’ ಎಂಬ ಉಚಿತ ತಂತ್ರಾಂಶಭಾಗದಲ್ಲಿ ಭಾರಿ ದೋಷವೊಂದು ಪ್ರಕಟವಾಯಿತು. ತಿದ್ದುಪಡಿ ಬೇಗನೆ ಸಿದ್ಧವಾದರೂ, ತಮ್ಮ ವ್ಯವಸ್ಥೆಯಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನೇ ತಿಳಿಯಲು ಲೋಕದಾದ್ಯಂತ ಸಂಸ್ಥೆಗಳು ಪರದಾಡಿದವು. ಬಳಸಿದ ವಸ್ತುಗಳ ಪಟ್ಟಿಯನ್ನು ಯಾರೂ ಇಟ್ಟಿರಲಿಲ್ಲ. ಕರ್ತೃವಿನ ಹೆಸರು ಎಂದರೆ ಅವನ ವಿಳಾಸವೂ ಹೌದು. ವಿಳಾಸ ಕಳೆದುಕೊಂಡವನಿಗೆ ಔಷಧ ತಲುಪುವುದಿಲ್ಲ.

ಮೂರನೆಯ ವಾದಕ್ಕೆ ಉತ್ತರ ಇಲ್ಲಿಯೇ ಇದೆ. ಸರಪಳಿ ಉದ್ದವೆಂಬುದು ನಿಜ. ಆದರೆ ಪಂಪನಾಗಲಿ ರನ್ನನಾಗಲಿ ತಮ್ಮ ಪರಂಪರೆಯ ಪ್ರತಿಯೊಬ್ಬನನ್ನೂ ಹೆಸರಿಸಬೇಕೆಂದು ಯಾರೂ ನಿರೀಕ್ಷಿಸಲಿಲ್ಲ. ನೇರವಾಗಿ ಯಾರಿಂದ ಪಡೆದನೋ ಅವರನ್ನು ಹೇಳಿದರೆ ಸಾಕು. ಅವರು ತಮಗೆ ಕೊಟ್ಟವರನ್ನು ಹೇಳಿರುತ್ತಾರೆ. ಪ್ರತಿಯೊಬ್ಬನೂ ತನ್ನ ಕೊಂಡಿಯನ್ನು ಮುರಿಯದಿದ್ದರೆ ಸರಪಳಿ ತಾನಾಗಿ ಉಳಿಯುತ್ತದೆ. ಮುಖಪುಟದ ಮೇಲೆಯೇ ಬರೆಯಬೇಕೆಂಬ ನಿರ್ಬಂಧವೂ ಸಾಮಾನ್ಯವಾಗಿ ಇರುವುದಿಲ್ಲ. 2004ರ ಅಪಾಚೆ ಪರವಾನಗಿಯು ಸೂಚನೆಗಳಿಗೆಂದೇ ಒಂದು ಪ್ರತ್ಯೇಕ ಕಡತವನ್ನು ಕಲ್ಪಿಸಿದೆ. ಕೃತಜ್ಞತೆಗೆಂದು ಒಂದು ಒಳಪುಟವನ್ನಿಟ್ಟರೆ ಅಂದಕ್ಕೂ ಭಂಗವಿಲ್ಲ, ನೀತಿಗೂ ಭಂಗವಿಲ್ಲ.

ಕಾನೂನಿನ ದೃಷ್ಟಿಯೂ ಇದಕ್ಕೆ ಹೊರತಾಗಿಲ್ಲ. ಅಮೆರಿಕದಲ್ಲಿ ಆಟಿಕೆ ರೈಲುಗಳನ್ನು ನಡೆಸುವ ಉಚಿತ ತಂತ್ರಾಂಶವೊಂದರ ಕಡತಗಳನ್ನು, ಕರ್ತೃಗಳ ಹೆಸರಿಲ್ಲದೆ ಬಳಸಿಕೊಂಡ ವ್ಯಾಪಾರಿಯ ಮೇಲೆ ರಾಬರ್ಟ್ ಜೇಕಬ್‌ಸನ್ ಎಂಬವರು ವ್ಯಾಜ್ಯ ಹೂಡಿದರು. ಹಣ ಕೇಳದಿದ್ದರೂ ಪರವಾನಗಿಯ ನಿಬಂಧನೆಗಳಿಗೆ ಬೆಲೆಯಿದೆ, ಅವನ್ನು ಮೀರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು 2008ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕದ ಕ್ರಮವಿಧಿಗಳನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿದೆ. ಅದರ 57ನೆಯ ಪ್ರಕರಣದಂತೆ, ಸ್ವಾಮ್ಯವನ್ನು ಪರಭಾರೆ ಮಾಡಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ವಿಶೇಷ ಹಕ್ಕು ಕರ್ತೃವಿನಲ್ಲಿ ಉಳಿಯುತ್ತದೆ. ಮಾರಿದವನಿಗೇ ಉಳಿಯುವ ಹಕ್ಕು ಉಚಿತವಾಗಿ ಕೊಟ್ಟವನಿಗೆ ಇಲ್ಲವೆನ್ನುವುದು ಎಂಥ ನ್ಯಾಯ?

ಕೊನೆಯದಾಗಿ ಇದರ ಮಗ್ಗುಲಿನ ದೋಷವನ್ನೂ ಹೇಳಬೇಕು. ಹೆಸರನ್ನು ಅಳಿಸುವುದು ಹೇಗೆ ತಪ್ಪೋ, ತಾನು ಕೆಡಿಸಿದ್ದಕ್ಕೆ ಮೂಲದವನ ಹೆಸರನ್ನು ಅಂಟಿಸುವುದೂ ಹಾಗೆಯೇ ತಪ್ಪು. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಯಾರೋ ಸೇರಿಸಿದ ಪ್ರಕ್ಷಿಪ್ತ ಪದ್ಯಗಳು ಕವಿಯ ತಲೆಗೆ ಬಂದು, ವಿದ್ವಾಂಸರು ಅವನ್ನು ಬೇರ್ಪಡಿಸಲು ಪಟ್ಟ ಶ್ರಮ ಕಡಿಮೆಯದಲ್ಲ. ಆದುದರಿಂದಲೇ ಬಿಎಸ್‌ಡಿ ಎಂಬ ಪರವಾನಗಿಯ ಪ್ರಚಲಿತ ರೂಪವೊಂದು ಕರ್ತೃವಿನ ಹೆಸರನ್ನು ಉಳಿಸೆಂದು ಹೇಳುವ ಜೊತೆಗೆ, ಆ ಹೆಸರನ್ನು ತನ್ನ ಸರಕಿನ ಶಿಫಾರಸಾಗಿ ಬಳಸಬೇಡವೆಂದೂ ಎಚ್ಚರಿಸುತ್ತದೆ. ಸರಿಯಾದ ಋಣಸ್ಮರಣೆಯಲ್ಲಿ ನಾಲ್ಕು ಸಂಗತಿಗಳು ಇರಬೇಕು: ಬರೆದವರು ಯಾರು, ಎಲ್ಲಿಂದ ಪಡೆದದ್ದು, ಯಾವ ಅನುಮತಿಯ ಮೇಲೆ, ಪಡೆದ ಮೇಲೆ ಬದಲಿಸಿದ್ದು ಏನು. ಈ ನಾಲ್ಕನೆಯದು ಬಹಳ ಜನರಿಗೆ ಮರೆತುಹೋಗುತ್ತದೆ. ಕರ್ತೃವಿಗೆ ಅಪವಾದ ಬಾರದಂತೆ ಕಾಯುವುದು ಅದೊಂದೇ.

ಧರ್ಮಸಂಸ್ಥೆಗಳೂ ಶಿಕ್ಷಣಸಂಸ್ಥೆಗಳೂ ಈ ವಿಷಯದಲ್ಲಿ ಇತರರಿಗಿಂತ ಮುಂದಿರಬೇಕಾದುದು ಸಹಜವಾದ ಅಪೇಕ್ಷೆ. ಬಾಗಿಲ ಮೇಲಿನ ಕಲ್ಲಿನಲ್ಲಿ ನೂರು ರೂಪಾಯಿ ಕೊಟ್ಟವರ ಹೆಸರನ್ನೂ ಕೆತ್ತಿಸುವ ಸಂಸ್ಥೆಗಳು, ತಮ್ಮ ಜಾಲತಾಣದ ಬೆನ್ನೆಲುಬನ್ನೇ ಕೊಟ್ಟವನನ್ನು ಮರೆಯುವುದು ವಿಚಿತ್ರ. ಜಾಲತಾಣವನ್ನು ಮಾಡಿಸುವವರು ಕೆಲಸ ಒಪ್ಪಿಸಿಕೊಳ್ಳುವ ಮುನ್ನ, ಇದರಲ್ಲಿ ಯಾರು ಯಾರದು ಏನೇನಿದೆ ಎಂದು ಮಾಡಿಕೊಟ್ಟವರನ್ನು ಕೇಳಲಿ, ಉತ್ತರವನ್ನು ಬರೆದಿಡಿಸಲಿ. ಕೇಳುವವರಿದ್ದಾರೆಂದು ತಿಳಿದರೆ ಅಳಿಸುವವರ ಕೈ ತಾನಾಗಿಯೇ ತಡೆಯುತ್ತದೆ.